‘ಅನ್‌ಲೈಕ್ಲಿ’ ಎಲ್ಲಿ ತಪ್ಪುತ್ತದೆ? ಗಡಿನಾಡಿನ ಕನ್ನಡಿಗರಿಗೆ ಒಂದು ದೋಷ ನಿವಾರಣೆ ಕೈಪಿಡಿ

‘ಹಿ ಈಸ್ ಅನ್‌ಲೈಕ್ಲಿ ಟು ನಾಟ್ ಕಮ್.’ ‘ಇಟ್ ವಿಲ್ ಅನ್‌ಲೈಕ್ಲಿ ರೈನ್ ಟುಡೇ.’ ‘ಐ ಆ್ಯಮ್ ಅನ್‌ಲೈಕ್ಲಿ ದಟ್ ಹಿ ಕಮ್ಸ್.’ ‘ಐ ವೆಂಟ್ ಟು ದ ಹಾಸ್ಪಿಟಲ್ ಅನ್‌ಲೈಕ್ಲಿ.’

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ಕುಂಬಳೆಯಿಂದ ಪೆರ್ಲದವರೆಗೆ ಯಾವ ಕನ್ನಡ ಮಾಧ್ಯಮ ಹೈಸ್ಕೂಲಿನ ಇಂಗ್ಲಿಷ್ ನೋಟ್‌ಬುಕ್ ತೆರೆದರೂ ಇಂಥ ವಾಕ್ಯಗಳು ಸಿಗುತ್ತವೆ. ಟೀಚರ್ ಕೆಂಪು ಶಾಯಿಯಲ್ಲಿ ತಿದ್ದಿರುತ್ತಾರೆ, ಮಕ್ಕಳು ತಿದ್ದಿದ್ದನ್ನು ಚಂದಕ್ಕೆ ನಕಲು ಮಾಡಿರುತ್ತಾರೆ. ಮುಂದಿನ ಪಾಠದಲ್ಲಿ ಅದೇ ತಪ್ಪು ಪುನಃ ಬರುತ್ತದೆ. ತಿದ್ದಿದ್ದು ವಾಕ್ಯವನ್ನು ಮಾತ್ರ, ದೋಷ ಇರುವ ಜಾಗವನ್ನು ಯಾರೂ ಮುಟ್ಟಿಲ್ಲ. ಮೇಲಿನ ನಾಲ್ಕು ವಾಕ್ಯಗಳಲ್ಲಿ ಪದ ಒಂದೇ ಆದರೂ ದೋಷ ನಾಲ್ಕು ಬೇರೆ ಬೇರೆ ಕಡೆ ಇದೆ. ಮೊದಲನೆಯದು ಕನ್ನಡದ ‘ಇಲ್ಲ’ದಿಂದ ಬಂದದ್ದು. ಎರಡನೆಯದು ಪದದ ಬಾಲ ನೋಡಿ ಮೋಸ ಹೋದದ್ದು. ಮೂರನೆಯದರಲ್ಲಿ ಕರ್ತೃಸ್ಥಾನ ತಪ್ಪಿದೆ. ನಾಲ್ಕನೆಯದರಲ್ಲಿ ಪದದ ಅರ್ಥವೇ ಬೇರೆಯಾಗಿ ಹೋಗಿದೆ. ಯಾವುದು ಯಾವುದೆಂದು ಗುರುತಿಸಲಿಕ್ಕೆ ಬಂದರೆ ರಿಪೇರಿ ಕಷ್ಟವಿಲ್ಲ. ಹತ್ತನೇ ಕ್ಲಾಸಿನ ಮಕ್ಕಳಿಗೂ ಅವರ ಟೀಚರಿಗೂ, ಮಂಗಳೂರಿನಲ್ಲೋ ಗಲ್ಫಿನಲ್ಲೋ ಕೆಲಸಕ್ಕೆ ಸೇರಿ ದಿನಾ ಇಂಗ್ಲಿಷಿನಲ್ಲಿ ಮೇಲ್ ಬರೆಯುವ ನಮ್ಮವರಿಗೂ ಇದು ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು: ಅರ್ಥ ಸರಿಯಾಗಿ ಕೂತಿದೆಯೇ

ಲಕ್ಷಣ ಹೀಗಿರುತ್ತದೆ. ಓದುವಾಗ ಹುಡುಗ ‘ಅನ್‌ಲೈಕ್ಲಿ’ ಕಂಡಲ್ಲೆಲ್ಲ ‘ಆಗುವುದಿಲ್ಲ’ ಎಂದು ಅರ್ಥ ಮಾಡುತ್ತಾನೆ. ‘ದ ಬಸ್ ಈಸ್ ಅನ್‌ಲೈಕ್ಲಿ ಟು ಕಮ್ ಬಿಫೋರ್ ನೈನ್’ ಎಂದರೆ ‘ಒಂಬತ್ತರ ಮೊದಲು ಬಸ್ ಬರುವುದಿಲ್ಲ’ ಎನ್ನುತ್ತಾನೆ. ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ ಕೂಡ ಸಿಗಬಹುದು, ಆದ್ದರಿಂದಲೇ ಈ ದೋಷ ವರ್ಷಗಟ್ಟಲೆ ಬೆಳಕಿಗೆ ಬರುವುದಿಲ್ಲ.

ಕಾರಣ ನಿಘಂಟಿನಲ್ಲಿದೆ. ಅಲ್ಲಿ ಈ ಪದಕ್ಕೆ ಎದುರಾಗಿ ‘ಅಸಂಭವ’, ‘ಅಸಂಭವನೀಯ’ ಎಂದಿರುತ್ತದೆ. ನಮ್ಮ ಮಕ್ಕಳ ಕಿವಿಗೆ ‘ಅಸಂಭವ’ ಅಂದರೆ ‘ಅಸಾಧ್ಯ’ದ ಅಣ್ಣ. ಅಸಾಧ್ಯಕ್ಕೆ ಇಂಗ್ಲಿಷಿನಲ್ಲಿ ‘ಇಂಪಾಸಿಬಲ್’ ಬೇರೆಯೇ ಇದೆ. ‘ಅನ್‌ಲೈಕ್ಲಿ’ ಎಂದಾಗ ಆಗುವ ಅವಕಾಶ ಸ್ವಲ್ಪವಾದರೂ ಉಳಿದಿರುತ್ತದೆ, ಆಗದಿರುವ ಕಡೆಗೆ ತೂಕ ಹೆಚ್ಚು ಇರುತ್ತದೆ ಅಷ್ಟೆ. ಆ ಉಳಿದ ಸ್ವಲ್ಪವನ್ನು ಬಿಟ್ಟು ಓದಿದರೆ ಪದದ ಅರ್ಧ ಅರ್ಥ ಹೋಯಿತು.

ಪರೀಕ್ಷಿಸುವ ಉಪಾಯ ನಮ್ಮ ಬಾಯಲ್ಲೇ ಇದೆ. ‘ಚಾನ್ಸ್ ಕಮ್ಮಿ’ ಮತ್ತು ‘ಚಾನ್ಸೇ ಇಲ್ಲ’, ಈ ಎರಡನ್ನು ಯಾವ ಮಗುವೂ ಗೊಂದಲ ಮಾಡಿಕೊಳ್ಳುವುದಿಲ್ಲ. ವಾಕ್ಯದಲ್ಲಿ ‘ಚಾನ್ಸ್ ಕಮ್ಮಿ’ ಹಾಕಿ ನೋಡಿ, ಸರಿ ಹೊಂದಿದರೆ ಅದು ಅನ್‌ಲೈಕ್ಲಿ. ‘ಚಾನ್ಸೇ ಇಲ್ಲ’ ಅಂತ ಹೇಳಬೇಕಾಗಿದ್ದರೆ ಇಂಪಾಸಿಬಲ್ ಬೇಕು, ಅಥವಾ ನೇರವಾಗಿ ‘ವಿಲ್ ನಾಟ್’. ಮಲಯಾಳ ವಾರ್ತೆ ಕೇಳಿ ಬೆಳೆದವರಿಗೆ ‘ಸಾಧ್ಯತ ಕುರವ್’ ಎಂದರೂ ಇದೇ ಕೆಲಸ ಆಗುತ್ತದೆ. ಗಡಿನಾಡಿನ ಮಕ್ಕಳಿಗೆ ಎರಡು ಮೂರು ಭಾಷೆ ಒಟ್ಟಿಗೆ ಬರುವುದನ್ನು ತೊಂದರೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಭಾಷೆಯಲ್ಲಿ ತಾಳೆಯಾಗದ್ದನ್ನು ಇನ್ನೊಂದರಲ್ಲಿ ತಾಳೆ ನೋಡುವ ಅನುಕೂಲ ಉಳಿದ ಕಡೆಯ ಮಕ್ಕಳಿಗೆ ಎಲ್ಲಿದೆ?

ಈ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ. ವಿಮಾನ ಹತ್ತಿದವರೆಲ್ಲ ‘ಇನ್ ದ ಅನ್‌ಲೈಕ್ಲಿ ಇವೆಂಟ್ ಆಫ್’ ಎಂದು ಶುರುವಾಗುವ ಸೂಚನೆ ಕೇಳಿರುತ್ತಾರೆ: ನೀರಿನ ಮೇಲೆ ಇಳಿಯಬೇಕಾಗಿ ಬಂದರೆ ಲೈಫ್ ಜಾಕೆಟ್ ಎಲ್ಲಿದೆ, ಹೇಗೆ ಹಾಕಬೇಕು ಇತ್ಯಾದಿ. ಅದು ಆಗುವುದೇ ಇಲ್ಲ ಎಂದಾಗಿದ್ದರೆ ಹೇಳುವ ಅಗತ್ಯವೇ ಇರಲಿಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಹೊರಟ ವಿಮಾನಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್ ಕೈಕೊಟ್ಟವು. ಪೈಲಟ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು, ಒಳಗಿದ್ದ 155 ಮಂದಿಯೂ ಬದುಕಿದರು. ಅನ್‌ಲೈಕ್ಲಿ ಎಂದು ದಿನಾ ಘೋಷಿಸುತ್ತಿದ್ದ ಸಂಗತಿಯೇ ಅವತ್ತು ಆಯಿತು. ಮಕ್ಕಳಿಗೆ ಇದೊಂದು ಘಟನೆ ಹೇಳಿದರೆ ಪದದ ಅರ್ಥ ಪುನಃ ಮರೆಯುವುದಿಲ್ಲ.

ವೈದ್ಯಕೀಯದಲ್ಲೂ ಇದು ಅಳೆದು ತೂಗಿ ಬಳಸುವ ಪದ. ಔಷಧಿ ತೆಗೆದುಕೊಂಡ ಮೇಲೆ ರೋಗಿಗೆ ಏನಾದರೂ ತೊಂದರೆಯಾದರೆ ಅದು ಔಷಧಿಯಿಂದಲೇ ಆದದ್ದೋ ಎಂದು ನಿರ್ಧರಿಸಲು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಇದೆ: ಸರ್ಟನ್, ಪ್ರಾಬಬಲ್, ಪಾಸಿಬಲ್, ಅನ್‌ಲೈಕ್ಲಿ ಹೀಗೆ. ಅದರಲ್ಲಿ ಅನ್‌ಲೈಕ್ಲಿಗೆ ಕೊಟ್ಟ ವಿವರಣೆಯಲ್ಲಿ ‘ಸಂಭವ ಕಡಿಮೆ, ಆದರೆ ಅಸಾಧ್ಯವಲ್ಲ’ ಎಂಬ ಅರ್ಥದ ಮಾತು ಬಿಡಿಸಿ ಬರೆದಿದೆ. ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಯ ಸಾಲಿನಲ್ಲಿ ಇಂಥದ್ದು ‘ಅನ್‌ಲೈಕ್ಲಿ’ ಎಂದು ಕಂಡರೆ ಎರಡು ತಪ್ಪು ಮಾಡಬಾರದು. ಏನೂ ಇಲ್ಲವೆಂದು ರಿಪೋರ್ಟನ್ನು ಕಪಾಟಿನಲ್ಲಿ ಇಟ್ಟುಬಿಡುವುದು ಒಂದು, ಕಾಯಿಲೆಯ ಹೆಸರು ಕಂಡಿತೆಂದು ಹೆದರಿ ಕೂರುವುದು ಇನ್ನೊಂದು. ಅಜ್ಜನ ರಿಪೋರ್ಟನ್ನು ಮನೆಯಲ್ಲಿ ಓದಿ ಹೇಳುವ ಕೆಲಸ ಹತ್ತನೇ ಕ್ಲಾಸಿನ ಮೊಮ್ಮಗಳ ಮೇಲೆ ಬೀಳುತ್ತದೆ. ‘ಅಜ್ಜಾ, ಅದಕ್ಕೆ ಚಾನ್ಸ್ ಕಮ್ಮಿ ಅಂತ ಬರೆದಿದ್ದಾರೆ, ಪುನಃ ಯಾವಾಗ ತೋರಿಸ್ಬೇಕು ಅಂತ ಡಾಕ್ಟ್ರ ಹತ್ರ ಕೇಳುವ’ ಎಂದು ಅವಳಿಗೆ ಹೇಳಲಿಕ್ಕೆ ಬಂದರೆ ನಾವು ಕಲಿಸಿದ ಇಂಗ್ಲಿಷ್ ಸಾರ್ಥಕ.

ಎಷ್ಟು ಕಮ್ಮಿ ಎಂದರೆ ಅನ್‌ಲೈಕ್ಲಿ?

ಚುರುಕಿನ ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ದಿನಬಳಕೆಯ ಮಾತಿನಲ್ಲಿ ಇದಕ್ಕೆ ಅಂಕಿ ಇಲ್ಲ. ಅಂಕಿ ಬೇಕಾದವರು ತಮ್ಮ ತಮ್ಮ ಕ್ಷೇತ್ರದಲ್ಲಿ ಗೆರೆ ಹಾಕಿಕೊಂಡಿದ್ದಾರೆ. ಹವಾಮಾನ ಬದಲಾವಣೆಯ ವರದಿ ತಯಾರಿಸುವ ವಿಶ್ವಸಂಸ್ಥೆಯ ಸಮಿತಿ, ಅಂದರೆ ಐಪಿಸಿಸಿ, ಶೇ. 33ರವರೆಗಿನ ಸಂಭವಕ್ಕೆ ಅನ್‌ಲೈಕ್ಲಿ ಎನ್ನುತ್ತದೆ. ಶೇ. 10ರ ಒಳಗಾದರೆ ವೆರಿ ಅನ್‌ಲೈಕ್ಲಿ, ಶೇ. 1ರ ಒಳಗಾದರೆ ಎಕ್ಸೆಪ್ಶನಲಿ ಅನ್‌ಲೈಕ್ಲಿ. ಲೈಕ್ಲಿ ಎನ್ನಬೇಕಾದರೆ ಅವರಿಗೆ ಶೇ. 66 ದಾಟಬೇಕು.

ನಮ್ಮ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಗೆರೆ ಬೇರೆ. ಶೇ. 25ಕ್ಕಿಂತ ಕಡಿಮೆ ಇದ್ದರೆ ಅನ್‌ಲೈಕ್ಲಿ, 25ರಿಂದ 50ರವರೆಗೆ ಲೈಕ್ಲಿ, 50ರಿಂದ 75 ವೆರಿ ಲೈಕ್ಲಿ, 75 ದಾಟಿದರೆ ಮೋಸ್ಟ್ ಲೈಕ್ಲಿ. ಇದನ್ನು ಗಮನವಿಟ್ಟು ನೋಡಬೇಕು. ಇಲಾಖೆಯ ‘ಲೈಕ್ಲಿ’ ಎಂಬುದು ಅರ್ಧಕ್ಕಿಂತ ಕಡಿಮೆ ಸಂಭವಕ್ಕೂ ಸಲ್ಲುತ್ತದೆ. ‘ರೈನ್ ಲೈಕ್ಲಿ ಅಟ್ ಐಸೊಲೇಟೆಡ್ ಪ್ಲೇಸಸ್’ ಎಂದು ಓದಿ ಅಂಗಳದ ಅಡಿಕೆ ಬಾಚಿದ ಮೇಲೆ ದಿನವಿಡೀ ಬಿಸಿಲು ಕಾದರೆ ಇಲಾಖೆ ಸುಳ್ಳು ಹೇಳಿತೆಂದು ನಮ್ಮಲ್ಲಿ ಬೈಯುತ್ತಾರೆ. ಮುನ್ಸೂಚನೆ ಸುಳ್ಳಾಗಿರಲೇಬೇಕೆಂದಿಲ್ಲ, ಪದದ ಗೆರೆ ಎಲ್ಲಿದೆಯೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

ಇಂಗ್ಲಿಷ್ ಮನೆಮಾತಾಗಿ ಇದ್ದವರೂ ಇಲ್ಲಿ ಎಡವಿದ್ದಾರೆ. 1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು ಯುಗೋಸ್ಲಾವಿಯದ ಮೇಲೆ ದಾಳಿಯಾಗುವ ‘ಸೀರಿಯಸ್ ಪಾಸಿಬಿಲಿಟಿ’ ಇದೆಯೆಂದಿತು. ಅದರ ಹೊಣೆ ಹೊತ್ತಿದ್ದ ಶರ್ಮನ್ ಕೆಂಟ್ ಅವರ ಮನಸ್ಸಿನಲ್ಲಿದ್ದದ್ದು ನೂರಕ್ಕೆ 65ರಷ್ಟು ಸಂಭವ. ಓದಿದ ಅಧಿಕಾರಿ ಅದಕ್ಕಿಂತ ಬಹಳ ಕಡಿಮೆ ಎಂದುಕೊಂಡಿದ್ದರು. ಕೆಂಟ್ ತಮ್ಮ ಜೊತೆಗಿದ್ದವರನ್ನು ಕೇಳಿದಾಗ ಒಬ್ಬೊಬ್ಬರು ಒಂದೊಂದು ಅಂಕಿ ಹೇಳಿದರು, ಅದು 20ರಿಂದ 80ರವರೆಗೆ ಹರಡಿತ್ತು. ಆಮೇಲೆ 1964ರಲ್ಲಿ ಅವರು ಇಂಥ ಪದಗಳಿಗೆ ಅಂಕಿ ಕಟ್ಟಬೇಕೆಂದು ಪ್ರಬಂಧವನ್ನೇ ಬರೆದರು. ಆದ್ದರಿಂದ ಮುಖ್ಯವಾದ ಕಡೆ, ಉದಾಹರಣೆಗೆ ಸರಕು ತಲುಪುವ ದಿನ, ರಜೆ, ಹಣ ಇಂಥ ವಿಷಯದಲ್ಲಿ ಮೇಲ್ ಬರೆಯುವಾಗ ಅನ್‌ಲೈಕ್ಲಿ ಎಂಬ ಒಂದೇ ಪದದ ಮೇಲೆ ಭಾರ ಹಾಕಬೇಡಿ. ಪಕ್ಕದಲ್ಲೇ ಕಾರಣವನ್ನೋ ಇನ್ನೊಂದು ದಿನಾಂಕವನ್ನೋ ಬರೆಯಿರಿ.

ಜೊತೆಗೆ ಹೋಗುವ ಪದಗಳೂ ಇದರಿಂದಲೇ ತಿಳಿಯುತ್ತವೆ. ಹೆಚ್ಚು ಕಮ್ಮಿ ಆಗುವ ಪದವಾದ್ದರಿಂದ ‘ವೆರಿ’, ‘ಹೈಲಿ’, ‘ಮೋಸ್ಟ್’, ‘ಎಕ್ಸ್‌ಟ್ರೀಮ್‌ಲಿ’ ಎಲ್ಲ ಹೊಂದುತ್ತವೆ. ‘ಕಂಪ್ಲೀಟ್ಲಿ ಅನ್‌ಲೈಕ್ಲಿ’ ಎಂದರೆ ಕಿವಿಗೆ ಒರಟು, ಪೂರ್ತಿ ಇಲ್ಲವಾದ ಮೇಲೆ ಅದು ಇಂಪಾಸಿಬಲ್ ಆಯಿತಲ್ಲ.

‘ಲಿಕ್ಕಿಲ್ಲ’ದ ಹತ್ತಿರ ಆಗುವ ತಪ್ಪು

ಇದು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಭಾಗ. ‘ಹಿ ಈಸ್ ಅನ್‌ಲೈಕ್ಲಿ ಟು ನಾಟ್ ಕಮ್’ ಎಂದು ಬರೆದ ಹುಡುಗಿಗೆ ‘ಅವ ಬರ್ಲಿಕ್ಕಿಲ್ಲ’ ಎನ್ನಬೇಕಾಗಿತ್ತು. ಅವಳು ಬರೆದದ್ದರ ಅರ್ಥ ‘ಅವ ಬಾರದೆ ಇರ್ಲಿಕ್ಕಿಲ್ಲ’, ಅಂದರೆ ಬಂದೇ ಬಂದಾನು ಎಂದಾಯಿತು. ನೇರ ಉಲ್ಟಾ.

ಏನಾಯಿತೆಂದರೆ, ‘ಬರಲಿಕ್ಕಿಲ್ಲ’ದಲ್ಲಿ ಅವಳಿಗೆ ಎರಡು ಸಂಗತಿ ಕಂಡವು, ಊಹೆ ಮತ್ತು ಇಲ್ಲ. ಊಹೆಗೆ ಅನ್‌ಲೈಕ್ಲಿ, ಇಲ್ಲಕ್ಕೆ ನಾಟ್ ಎಂದು ಒಂದೊಂದಕ್ಕೆ ಒಂದೊಂದು ಪದ ಹಾಕಿದಳು. ಆದರೆ ಅನ್‌ಲೈಕ್ಲಿಯ ತಲೆಯಲ್ಲಿರುವ ‘ಅನ್’ ಆ ‘ಇಲ್ಲ’ವನ್ನು ಆಗಲೇ ನುಂಗಿದೆ. ಇನ್ನೊಂದು ನಾಟ್‌ಗೆ ಜಾಗವಿಲ್ಲ. ಪರೀಕ್ಷೆ ಸುಲಭ: ಕನ್ನಡ ವಾಕ್ಯದಲ್ಲಿ ‘ಇಲ್ಲ’ ಒಂದು ಸಲ ಇದ್ದರೆ ಇಂಗ್ಲಿಷಿನಲ್ಲೂ ಒಂದೇ ಸಲ, ‘ಅನ್’ ಅಥವಾ ‘ನಾಟ್’. ‘ಹಿ ಈಸ್ ಅನ್‌ಲೈಕ್ಲಿ ಟು ಕಮ್’ ಸಾಕು. ‘ಹಿ ಈಸ್ ನಾಟ್ ಲೈಕ್ಲಿ ಟು ಕಮ್’ ಕೂಡ ಸರಿ.

ವ್ಯಾಕರಣದ ಪಾಠದಲ್ಲಿ ಮಕ್ಕಳು ಸಂಭಾವನಾರ್ಥಕ, ನಿಷೇಧಾರ್ಥಕ ಎಂದು ಕಲಿತಿರುತ್ತಾರೆ. ‘ಬಂದಾನು’ ಸಂಭಾವನೆ, ‘ಬಾರನು’ ನಿಷೇಧ. ಇವೆರಡರಲ್ಲಿ ಯಾವುದೂ ಅನ್‌ಲೈಕ್ಲಿಗೆ ಸರಿ ಕೂರುವುದಿಲ್ಲ. ‘ಬಂದಾನು’ ಎಂದರೆ ಬರುವ ಕಡೆಗೆ ಮನಸ್ಸು ವಾಲಿದೆ, ‘ಬಾರನು’ ಎಂದರೆ ಖಡಾಖಂಡಿತ ಇಲ್ಲ. ಊಹೆಯೂ ನಿಷೇಧವೂ ಕೂಡಿದ ರೂಪವೇ ‘ಬರಲಿಕ್ಕಿಲ್ಲ’. ನಮ್ಮ ಜನ ದಿನಕ್ಕೆ ಹತ್ತಾರು ಬಾರಿ ಆಡುವ ಈ ರೂಪವನ್ನು ತರಗತಿಯಲ್ಲಿ ಮುಂದಕ್ಕೆ ತಂದು ಅನ್‌ಲೈಕ್ಲಿಯ ಪಕ್ಕ ಬರೆದರೆ ನಿಘಂಟಿನ ‘ಅಸಂಭವ’ದ ಸಹವಾಸವೇ ಬೇಡ.

ಆದರೆ ಕರಾವಳಿಯ ಮಾತಿನಲ್ಲಿ ಒಂದು ಸೂಕ್ಷ್ಮ ಇದೆ. ಇಲ್ಲಿ ‘ಲಿಕ್ಕಿಲ್ಲ’ ಎರಡು ಕೆಲಸ ಮಾಡುತ್ತದೆ. ‘ನಾಳೆ ಶಾಲೆಗೆ ಹೋಗ್ಲಿಕ್ಕಿಲ್ಲ, ಕಲೆಕ್ಟರ್ ರಜೆ ಕೊಟ್ಟಿದ್ದಾರೆ’ ಎಂಬಲ್ಲಿ ಊಹೆ ಏನೂ ಇಲ್ಲ. ಹೋಗಬೇಕಾಗಿಲ್ಲ ಎಂದರ್ಥ. ಇದನ್ನು ‘ಐ ಆ್ಯಮ್ ಅನ್‌ಲೈಕ್ಲಿ ಟು ಗೋ ಟು ಸ್ಕೂಲ್’ ಎಂದು ಬರೆದರೆ ರಜೆ ಇಲ್ಲದಿದ್ದರೂ ಇವಳಿಗೆ ಹೋಗಲಿಕ್ಕೆ ಮನಸ್ಸಿಲ್ಲವೇನೋ ಎಂಬಂತೆ ಕೇಳುತ್ತದೆ. ಬೇಕಾದದ್ದು ‘ಐ ಡೋಂಟ್ ಹ್ಯಾವ್ ಟು ಗೋ’.

ಎರಡನ್ನೂ ಬೇರ್ಪಡಿಸಲಿಕ್ಕೆ ವಿಭಕ್ತಿ ನೋಡಬೇಕು. ‘ಅವ ಬರ್ಲಿಕ್ಕಿಲ್ಲ’ ಎಂದರೆ ಊಹೆ. ‘ಅವನಿಗೆ ಬರ್ಲಿಕ್ಕಿಲ್ಲ’ ಎಂದರೆ ಅವನು ಬರಬೇಕಾಗಿಲ್ಲ. ‘ನನಗೆ’, ‘ಅವನಿಗೆ’, ‘ಮಕ್ಕಳಿಗೆ’ ಎಂದು ಚತುರ್ಥಿ ಬಂದರೆ ಅಥವಾ ಹಾಕಿದಾಗ ಹೊಂದಿದರೆ ಅಲ್ಲಿ ಅನ್‌ಲೈಕ್ಲಿ ಬೇಡ. ಹಾಕಲಿಕ್ಕೆ ಬಾರದಿದ್ದರೆ, ‘ಬಹುಶಃ’ ಸೇರಿಸಿದಾಗ ಸರಿಯೆನಿಸಿದರೆ, ಅನ್‌ಲೈಕ್ಲಿ. ಈ ಪರೀಕ್ಷೆ ಮೈಸೂರು ಕಡೆಯವರಿಗೆ ಬೇಕಾಗಲಿಕ್ಕಿಲ್ಲ, ನಮಗೆ ಬೇಕೇ ಬೇಕು.

ಕಳೆದುಹೋದ ಕಾಲದ ಊಹೆಗೆ ಬಂದರೆ ನಮ್ಮ ಕನ್ನಡ ಇಂಗ್ಲಿಷಿಗೆ ಸರಿಸಮನಾಗಿ ನಿಲ್ಲುತ್ತದೆ. ‘ಅವಳು ಮೆಸೇಜ್ ನೋಡಿರ್ಲಿಕ್ಕಿಲ್ಲ.’ ನೋಡುವುದು ಆಗಲೇ ಮುಗಿದ ಕಾಲದ್ದು, ಊಹೆ ಈಗಿನದು. ಇಂಗ್ಲಿಷಿನಲ್ಲಿ ‘ಶಿ ಈಸ್ ಅನ್‌ಲೈಕ್ಲಿ ಟು ಹ್ಯಾವ್ ಸೀನ್ ದ ಮೆಸೇಜ್’. ‘ನೋಡಿ’ ಮತ್ತು ‘ಇರು’ ಎಂದು ಎರಡು ಕ್ರಿಯೆ ಇದ್ದಂತೆಯೇ ಅಲ್ಲಿ ‘ಹ್ಯಾವ್ ಸೀನ್’. ಮಕ್ಕಳು ಹಿಂದಿನ ಸಂಗತಿ ಎಂದ ಕೂಡಲೇ ‘ಶಿ ವಾಸ್ ಅನ್‌ಲೈಕ್ಲಿ ಟು ಸೀ’ ಎನ್ನುತ್ತಾರೆ. ಅದು ಬೇರೆ ಮಾತು: ಆವಾಗ ನೋಡುವ ಸಂಭವ ಕಡಿಮೆ ಇತ್ತು ಎಂದಾಗುತ್ತದೆ. ಕನ್ನಡದಲ್ಲಿ ‘ಇರಲಿಕ್ಕಿಲ್ಲ’ದ ಹಿಂದೆ ‘ಹೋಗಿ’, ‘ತಿಂದು’, ‘ನೋಡಿ’ ಇಂಥದ್ದು ಇದ್ದರೆ ‘ಟು ಹ್ಯಾವ್’ ಹಾಕಿ. ಈ ರೂಪದಲ್ಲಿ ‘ಬೇಕಾಗಿಲ್ಲ’ದ ಗೊಂದಲ ಬರುವುದೂ ಇಲ್ಲ. ನಾನು ಮಕ್ಕಳಿಗೆ ಕಲಿಸಲಿಕ್ಕೆ ಶುರು ಮಾಡುವುದೇ ಇಲ್ಲಿಂದ.

ಒಂದು ಚಿಕ್ಕ ವಿಷಯ. ‘ನಾಳೆ ರಜೆ ಇರ್ಲಿಕ್ಕಿಲ್ಲ’ ಎಂಬಂಥ ವಾಕ್ಯಕ್ಕೆ ‘ಹಾಲಿಡೇ ಈಸ್ ಅನ್‌ಲೈಕ್ಲಿ ಟು ಬಿ ದೇರ್’ ಎಂದು ಬರೆಯುತ್ತಾರೆ. ‘ದೇರ್ ಈಸ್ ಅನ್‌ಲೈಕ್ಲಿ ಟು ಬಿ ಎ ಹಾಲಿಡೇ ಟುಮಾರೋ’ ಅಥವಾ ಇನ್ನೂ ಚುಟುಕಾಗಿ ‘ಎ ಹಾಲಿಡೇ ಈಸ್ ಅನ್‌ಲೈಕ್ಲಿ ಟುಮಾರೋ’ ಎನ್ನಬೇಕು.

ಕರ್ತೃಸ್ಥಾನದ ದೋಷ

‘ಐ ಆ್ಯಮ್ ಅನ್‌ಲೈಕ್ಲಿ ದಟ್ ಹಿ ಕಮ್ಸ್.’ ಬರೆದವನ ಮನಸ್ಸಿನಲ್ಲಿ ಇದ್ದದ್ದು ‘ಅವ ಬರ್ತಾನಾ ಅಂತ ನಂಗೆ ಡೌಟ್’. ಊಹಿಸುವವನು ತಾನಾದ್ದರಿಂದ ‘ಐ’ ಎಂದು ಶುರು ಮಾಡಿದ. ಅನ್‌ಲೈಕ್ಲಿಯ ಕರ್ತೃಸ್ಥಾನದಲ್ಲಿ ಊಹಿಸುವವನು ಕೂರುವ ಕ್ರಮವಿಲ್ಲ. ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಊಹೆಯೋ ಅದು ಕೂರಬೇಕು. ಬರುವವನು ಅವನಾದರೆ ‘ಹಿ ಈಸ್ ಅನ್‌ಲೈಕ್ಲಿ ಟು ಕಮ್’. ಅವನನ್ನು ಮುಂದೆ ತರಲಿಕ್ಕೆ ಇಷ್ಟವಿಲ್ಲದಿದ್ದರೆ ‘ಇಟ್’ ಹಾಕಿ ಪೂರ್ಣ ವಾಕ್ಯ ಜೋಡಿಸಿ: ‘ಇಟ್ ಈಸ್ ಅನ್‌ಲೈಕ್ಲಿ ದಟ್ ಹಿ ವಿಲ್ ಕಮ್’. ಎರಡಕ್ಕೂ ಅರ್ಥ ಒಂದೇ. ‘ಹಿ’ ಬಂದರೆ ‘ಟು’, ‘ಇಟ್’ ಬಂದರೆ ‘ದಟ್’ ಎಂದು ಸದ್ಯಕ್ಕೆ ನೆನಪಿಟ್ಟುಕೊಳ್ಳಬಹುದು. ಮಳೆಯ ‘ಇಟ್’ ಮಾತ್ರ ಬೇರೆ. ‘ಇಟ್ ಈಸ್ ಅನ್‌ಲೈಕ್ಲಿ ಟು ರೈನ್’ ಸರಿ, ಏಕೆಂದರೆ ‘ಇಟ್ ರೈನ್ಸ್’ನಲ್ಲಿ ಆ ‘ಇಟ್’ ಮೊದಲೇ ಇತ್ತು.

‘ನಂಗೆ ಡೌಟ್’ ಎಂದೇ ಹೇಳಬೇಕಿದ್ದರೆ ‘ಐ ಡೌಟ್ ಇಫ್ ಹಿ ವಿಲ್ ಕಮ್’ ಇದೆ, ‘ಐ ಆ್ಯಮ್ ಡೌಟ್‌ಫುಲ್’ ಇದೆ. ಆದರೆ ಒಂದು ಎಚ್ಚರಿಕೆ. ನಮ್ಮಲ್ಲಿ ‘ಅವನೇ ತೆಗೆದದ್ದು ಅಂತ ಡೌಟ್’ ಎಂದರೆ ಅವನು ತೆಗೆದಿದ್ದಾನೆ ಎಂಬ ಗುಮಾನಿ. ಇಂಗ್ಲಿಷಿನ ‘ಐ ಡೌಟ್ ದಟ್ ಹಿ ಟುಕ್ ಇಟ್’ ಎಂದರೆ ಅವನು ತೆಗೆದಿರಲಿಕ್ಕಿಲ್ಲ ಎಂದರ್ಥ. ಗುಮಾನಿಗೆ ‘ಸಸ್ಪೆಕ್ಟ್’ ಬಳಸಿ. ಇದರಿಂದ ಕೆಲಸದ ಜಾಗದಲ್ಲಿ ನಿರಪರಾಧಿಯ ಮೇಲೆ ತಪ್ಪು ಹೊರಿಸಿದ ಹಾಗೆ ಆಗುವುದೂ ಇದೆ, ತಪ್ಪಿತಸ್ಥನನ್ನು ಸಮರ್ಥಿಸಿದ ಹಾಗೆ ಆಗುವುದೂ ಇದೆ.

ಅನ್‌ಲೈಕ್ಲಿಯ ಬಂಧುಗಳೆಲ್ಲ ಇದೇ ರೀತಿ ನಡೆಯುವುದಿಲ್ಲ. ‘ಹಿ ಈಸ್ ಇಂಪ್ರಾಬಬಲ್ ಟು ಕಮ್’ ಎಂದು ಹೇಳುವಂತಿಲ್ಲ, ‘ಹಿ ಈಸ್ ಇಂಪಾಸಿಬಲ್ ಟು ಕಮ್’ ಕೂಡ ಇಲ್ಲ. ‘ಇಂಪ್ರಾಬಬಲ್’ಗೆ ‘ಇಟ್ ಈಸ್… ದಟ್’ ದಾರಿ ಮಾತ್ರ. ಅದು ಸ್ವಲ್ಪ ಭಾರದ, ಬರವಣಿಗೆಯ ಪದ. ನಂಬಲಿಕ್ಕಾಗದ ನೆಪ, ಕತೆ ಇಂಥವುಗಳ ಜೊತೆ ಚೆನ್ನಾಗಿ ಕೂರುತ್ತದೆ. ಮಾತಿನಲ್ಲಿ ಅನ್‌ಲೈಕ್ಲಿ ಸಾಕು. ಯಾರಾದರೂ ‘ವಿಲ್ ಇಟ್ ರೈನ್?’ ಎಂದು ಕೇಳಿದರೆ ‘ಅನ್‌ಲೈಕ್ಲಿ’ ಎಂಬ ಒಂದೇ ಪದದ ಉತ್ತರವೂ ಸರಿ, ನಾವು ‘ಇಲ್ಲಪ್ಪ, ಬರ್ಲಿಕ್ಕಿಲ್ಲ’ ಎಂದ ಹಾಗೆ.

ಬಾಲದ ‘ಲಿ’

‘ಸ್ಲೋಲಿ’, ‘ಕ್ವಿಕ್ಲಿ’, ‘ನೀಟ್ಲಿ’ ಎಲ್ಲ ಕ್ರಿಯಾವಿಶೇಷಣ, ಆದ್ದರಿಂದ ‘ಅನ್‌ಲೈಕ್ಲಿ’ಯೂ ಹಾಗೆಯೇ ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ. ‘ಇಟ್ ವಿಲ್ ಅನ್‌ಲೈಕ್ಲಿ ರೈನ್’ ಹುಟ್ಟುವುದು ಹೀಗೆ. ‘ಫ್ರೆಂಡ್ಲಿ’, ‘ಲವ್ಲಿ’, ‘ಲೋನ್ಲಿ’ಗಳ ಸಾಲಿನಲ್ಲಿ ಇದನ್ನು ಇಡಬೇಕು, ಇವೆಲ್ಲ ಗುಣವಾಚಕಗಳು. ‘ಹಿ ಸ್ಪೋಕ್ ಫ್ರೆಂಡ್ಲಿ’ ಎಂದು ಹೇಗೆ ಬರೆಯುವುದಿಲ್ಲವೋ ಹಾಗೆಯೇ ಇದೂ. ಕ್ರಿಯಾಪದದ ಪಕ್ಕ ಏನಾದರೂ ಬೇಕೇ ಬೇಕೆಂದರೆ ‘ಇಟ್ ಪ್ರಾಬಬ್ಲಿ ವೋಂಟ್ ರೈನ್’ ಎನ್ನಿ. ಅಮೆರಿಕದವರು ‘ಇಟ್ ವಿಲ್ ಲೈಕ್ಲಿ ರೈನ್’ ಎಂದು ಧಾರಾಳವಾಗಿ ಬರೆಯುತ್ತಾರೆ, ಅದನ್ನು ಓದಿ ‘ಅನ್’ ಸೇರಿಸಿದರೂ ನಡೆದೀತು ಎಂದುಕೊಳ್ಳಬಾರದು.

ಇಲ್ಲೇ ಹತ್ತಿರದಲ್ಲಿ ಇನ್ನೊಂದು ತಪ್ಪು ಇದೆ, ಅದು ನಮ್ಮ ಊರಿನ ವಿಶೇಷ. ಕಾಸರಗೋಡು, ಮಂಗಳೂರು ಕಡೆ ‘ಬಹುಶಃ’ ಎನ್ನಬೇಕಾದಲ್ಲಿ ‘ಹೆಚ್ಚಾಗಿ’ ಎನ್ನುತ್ತೇವೆ. ‘ಹೆಚ್ಚಾಗಿ ಅವ ಬರ್ಲಿಕ್ಕಿಲ್ಲ.’ ಅದು ಇಂಗ್ಲಿಷಿಗೆ ಹೋಗುವಾಗ ‘ಮೋಸ್ಟ್ಲಿ ಹಿ ವಿಲ್ ನಾಟ್ ಕಮ್’ ಆಗುತ್ತದೆ. ‘ಮೋಸ್ಟ್ಲಿ’ ಎಂದರೆ ಹೆಚ್ಚಿನ ಸಲ, ಬಹುಪಾಲು. ಹೊರಗಿನವರು ಓದಿದರೆ ಇವನು ಸಾಮಾನ್ಯವಾಗಿ ಗೈರುಹಾಜರಾಗುವ ಮನುಷ್ಯ ಎಂದುಕೊಳ್ಳುತ್ತಾರೆ. ಒಂದೇ ದಿನದ, ಒಂದೇ ಸಂದರ್ಭದ ಊಹೆಯಾದರೆ ‘ಮೋಸ್ಟ್ಲಿ’ ತೆಗೆದು ‘ಹಿ ಈಸ್ ಅನ್‌ಲೈಕ್ಲಿ ಟು ಕಮ್ ಟುಡೇ’ ಎಂದು ಬರೆಯಿರಿ. ಆಫೀಸಿಗೆ ಮೇಲ್ ಬರೆಯುವ ನಮ್ಮ ಯುವಕರಿಗೆ ನಾನು ಮೊದಲು ಹೇಳುವ ತಿದ್ದುಪಡಿ ಇದು.

‘ಲೈಕ್’ ಎಂಬ ನಡುವಿನ ತುಂಡು

‘ಐ ವೆಂಟ್ ಟು ದ ಹಾಸ್ಪಿಟಲ್ ಅನ್‌ಲೈಕ್ಲಿ’ ಬರೆದವನಿಗೆ ಇಷ್ಟವಿಲ್ಲದೆ ಹೋದೆ ಎನ್ನಬೇಕಿತ್ತು. ‘ಲೈಕ್’ ಎಂದರೆ ಇಷ್ಟ, ‘ಅನ್’ ಎಂದರೆ ಇಲ್ಲ, ‘ಲಿ’ ಎಂದರೆ ಆಗಿ ಎಂದು ಬಿಡಿಸಿ ಜೋಡಿಸಿದ್ದಾನೆ. ಪದ ಬಿಡಿಸಿ ನೋಡುವ ಬುದ್ಧಿಯನ್ನು ಮೆಚ್ಚಿ ಹೇಳಿ, ಅದನ್ನು ಗದರಿ ಕೆಡಿಸಬಾರದು. ಇಷ್ಟವಿಲ್ಲದೆ ಎಂಬುದಕ್ಕೆ ‘ಅನ್‌ವಿಲ್ಲಿಂಗ್ಲಿ’ ಅಥವಾ ‘ರಿಲಕ್ಟಂಟ್ಲಿ’ ಬೇಕು. ‘ಅನ್‌ಲೈಕ್ಲಿ ಮೈ ಬ್ರದರ್, ಐ ಈಟ್ ಫಿಶ್’ ಎಂಬಲ್ಲಿ ‘ಲಿ’ ಹೆಚ್ಚಾಯಿತು, ‘ಅನ್‌ಲೈಕ್ ಮೈ ಬ್ರದರ್’ ಎಂದರೆ ಅಣ್ಣನ ಹಾಗಲ್ಲ ಎಂದಾಗುತ್ತದೆ.

ಇಲ್ಲಿನ ‘ಲೈಕ್’ ಇಷ್ಟದ್ದಲ್ಲ, ‘ಹಾಗೆ’ ಎಂಬ ಅರ್ಥದ್ದು. ನಾವು ಪಡುವಣ ದಿಕ್ಕಿಗೆ ನೋಡಿ ‘ಮಳೆ ಬರುವ ಹಾಗೆ ಕಾಣ್ತದೆ’ ಎನ್ನುತ್ತೇವಲ್ಲ, ಆ ‘ಹಾಗೆ’ ಲೈಕ್ಲಿಯ ಹೊಟ್ಟೆಯಲ್ಲಿದೆ. ‘ಬರುವ ಹಾಗೆ ಕಾಣುದಿಲ್ಲ’ ಎಂದರೆ ಅನ್‌ಲೈಕ್ಲಿ. ಕಾಗುಣಿತಕ್ಕೂ ಇದರಿಂದ ಅನುಕೂಲ: ‘ಲೈಕ್’ ಪೂರ್ತಿ ಬರೆದು, ಅದರ ಕೊನೆಯ ‘ಇ’ ಅಕ್ಷರ ಬಿಡದೆ, ಆಮೇಲೆ ‘ಎಲ್ ವೈ’ ಸೇರಿಸಬೇಕು.

ನಾಮಪದದ ಮುಂದೆ ಬಂದಾಗ

ಇಷ್ಟೆಲ್ಲ ಸರಿಮಾಡಿಕೊಂಡ ವಿದ್ಯಾರ್ಥಿಗೂ ಒಂದು ಕಡೆ ಗಾಬರಿಯಾಗುತ್ತದೆ. ‘ಆ್ಯನ್ ಅನ್‌ಲೈಕ್ಲಿ ಹೀರೋ’, ‘ಆ್ಯನ್ ಅನ್‌ಲೈಕ್ಲಿ ಫ್ರೆಂಡ್‌ಶಿಪ್’ ಎಂದು ಪತ್ರಿಕೆಯಲ್ಲಿ ಓದಿ ‘ಚಾನ್ಸ್ ಕಮ್ಮಿ ಹೀರೋ’ ಎಂದು ಹಾಕಿ ನೋಡಿದರೆ ಅರ್ಥವಾಗುವುದಿಲ್ಲ. ಈ ಬಳಕೆಯಲ್ಲಿ ಸಂಗತಿ ಆಗಿಹೋಗಿರುತ್ತದೆ. ಯಾರೂ ನಿರೀಕ್ಷಿಸದ ಕಡೆಯಿಂದ ಆಯಿತು ಎಂಬುದೇ ಇಲ್ಲಿಯ ಅರ್ಥ.

ಕುಂಬಳೆ ಹತ್ತಿರದ ಅನಂತಪುರದ ಸರೋವರ ಕ್ಷೇತ್ರ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅಲ್ಲಿನ ಕೊಳದಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ದೂರದೂರದಿಂದ ಜನ ಬಂದು ಅಂತಿಮ ನಮನ ಸಲ್ಲಿಸಿದರು. ಅರ್ಚಕರು ಕೊಡುವ ನೈವೇದ್ಯದ ಅನ್ನ ತಿನ್ನುತ್ತಿದ್ದ, ಯಾರಿಗೂ ಕೇಡು ಮಾಡದ ಆ ಮೊಸಳೆಯನ್ನು ಜನ ಕ್ಷೇತ್ರದ ಕಾವಲಿಗ ಎಂದೇ ಭಾವಿಸಿದ್ದರು. ‘ಬಬಿಯಾ ವಾಸ್ ಆ್ಯನ್ ಅನ್‌ಲೈಕ್ಲಿ ಗಾರ್ಡಿಯನ್ ಆಫ್ ದ ಟೆಂಪಲ್’ ಎಂದು ಬರೆದರೆ ಬಬಿಯಾ ಕಾವಲಿಗ ಆಗಿರಲಿಕ್ಕಿಲ್ಲ ಎಂದಲ್ಲ. ಕಾವಲಿಗ ಹೌದು, ಮೊಸಳೆಯೊಂದು ಆ ಸ್ಥಾನದಲ್ಲಿ ಇದ್ದೀತೆಂದು ಯಾರೂ ಎಣಿಸುವುದಿಲ್ಲ ಎಂದರ್ಥ. ನಾಮಪದದ ಮುಂದೆ ಈ ಪದ ಕಂಡರೆ ‘ಎಣಿಸದ’, ‘ನಿರೀಕ್ಷಿಸದ’ ಎಂದು ಹಾಕಿ ನೋಡಿ. ‘ಅನ್‌ಲೈಕ್ಲಿ ಇವೆಂಟ್’, ‘ಅನ್‌ಲೈಕ್ಲಿ ಔಟ್‌ಕಮ್’ ಇಂಥ ಕೆಲವಕ್ಕೆ ಮಾತ್ರ ಹಳೆಯ ‘ಚಾನ್ಸ್ ಕಮ್ಮಿ’ ಅರ್ಥವೇ ನಿಲ್ಲುತ್ತದೆ. ಯಾವುದೆಂದು ತಿಳಿಯಲು ಒಂದೇ ಪ್ರಶ್ನೆ: ಆ ಸಂಗತಿ ಆಗಿಹೋಗಿದೆಯೇ, ಇನ್ನೂ ಆಗಬೇಕೇ?

ಉಳಿದ ಸಣ್ಣಪುಟ್ಟವು

ಕ್ವೆಶ್ಚನ್ ಟ್ಯಾಗ್ ಕೇಳಿದರೆ ಮಕ್ಕಳು ‘ಅನ್’ ಕಂಡು ಇದು ನೆಗೆಟಿವ್ ವಾಕ್ಯ ಎಂದು ‘ಈಸ್ ಹಿ?’ ಹಾಕುತ್ತಾರೆ. ‘ಅನ್’ ಪದವನ್ನಷ್ಟೇ ತಿರುಗಿಸುತ್ತದೆ, ವಾಕ್ಯ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಹಾಗಾಗಿ ‘ಹಿ ಈಸ್ ಅನ್‌ಲೈಕ್ಲಿ ಟು ಕಮ್, ಈಸಂಟ್ ಹಿ?’ ಎಂಬುದೇ ಸರಿ. ‘ಹಾರ್ಡ್ಲಿ’, ‘ಸೆಲ್ಡಮ್’ ಇದ್ದಾಗ ಮಾತ್ರ ವಾಕ್ಯವೇ ನೆಗೆಟಿವ್ ಆಗುತ್ತದೆ. ತಮ್ಮನೂ ಬರಲಿಕ್ಕಿಲ್ಲ ಎಂದು ಸೇರಿಸುವಾಗಲೂ ಹಾಗೆಯೇ, ‘ನೈದರ್ ಈಸ್’ ಅಲ್ಲ, ‘ಸೋ ಈಸ್ ಹಿಸ್ ಬ್ರದರ್’.

‘ಇಟ್ ಈಸ್ ನಾಟ್ ಅನ್‌ಲೈಕ್ಲಿ’ ಎಂದು ಎರಡು ಇಲ್ಲ ಒಟ್ಟಿಗೆ ಕಂಡರೆ ಅದನ್ನು ತಪ್ಪೆಂದು ಹೊಡೆದು ಹಾಕಬೇಡಿ. ‘ಆಗಲಿಕ್ಕಿಲ್ಲ ಎಂದು ಹೇಳಲಿಕ್ಕಾಗುವುದಿಲ್ಲ’ ಎಂಬ ಹುಷಾರಿನ ಮಾತು ಅದು. ‘ಲೈಕ್ಲಿ’ಯಷ್ಟು ಧೈರ್ಯ ಅದಕ್ಕಿಲ್ಲ. ಓದುವಾಗ ಅರ್ಥವಾದರೆ ಸಾಕು, ಹತ್ತನೇ ಕ್ಲಾಸಿನವರು ಬರೆಯಲಿಕ್ಕೆ ಹೋಗುವ ಅಗತ್ಯವಿಲ್ಲ. ಕಾಲೇಜಿಗೆ ಹೋದ ಮೇಲೆ ಬೇಕಾದರೆ ಬಳಸಲಿ.